10 ದಿನಕ್ಕೆ 3,000 ಕಿಲೋಮೀಟರ್ ಬೇಡ: ಮೊದಲ ಸಲ ಕ್ಯಾರವಾನ್ ಪ್ರವಾಸ ಹೊರಟವರಿಗೆ

ಪ್ರಶ್ನೆ: ನಾನು, ನನ್ನ ಹೆಂಡತಿ, 9 ಮತ್ತು 6 ವರ್ಷದ ಇಬ್ಬರು ಮಕ್ಕಳು ಇದೇ ಮೊದಲ ಸಲ ಕ್ಯಾರವಾನ್ ಬಾಡಿಗೆಗೆ ಹಿಡಿದು 10 ದಿನದ ಪ್ರವಾಸ ಹೊರಟಿದ್ದೇವೆ. ಅರ್ಧಕ್ಕರ್ಧ ಬೆಟ್ಟದ ರಸ್ತೆ, ಒಟ್ಟು 3,000 ಕಿಲೋಮೀಟರ್. ಕಾರು ಓಡಿಸಿ 12 ವರ್ಷದ ಅಭ್ಯಾಸವಿದೆ, ದೊಡ್ಡ ಗಾಡಿ ಮುಟ್ಟಿಲ್ಲ. ಒಂದೆರಡು ರಾತ್ರಿ ಓಡಿಸಿಬಿಟ್ಟರೆ ತಂಗುವ ಖರ್ಚು ಉಳಿಯುತ್ತದೆ, ಮಕ್ಕಳು ಹಿಂದೆ ಮಂಚದ ಮೇಲೆ ಮಲಗಿರುತ್ತಾರೆ ಎಂಬುದು ನನ್ನ ಲೆಕ್ಕ. ಕಾರಿಗೆ ಕಟ್ಟಿ ಎಳೆಯುವ ಕ್ಯಾರವಾನ್ ಒಳ್ಳೆಯದೋ, ಎಂಜಿನ್ ಇರುವ ಮೋಟರ್‌ಹೋಮ್ ಒಳ್ಳೆಯದೋ? ಬೆಟ್ಟ ಇಳಿಯುವಾಗ ಏನು ನೋಡಿಕೊಳ್ಳಬೇಕು? ಖರ್ಚು ಎಲ್ಲಿ ಕಡಿಮೆ ಮಾಡಬಹುದು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಅಂಕಿ, 3,000. ಅದನ್ನು 1,200ಕ್ಕೆ ಇಳಿಸಿ. ನೀವು ಕೇಳಿದ ಸುರಕ್ಷತೆಯ ಪ್ರಶ್ನೆಗೂ ಖರ್ಚಿನ ಪ್ರಶ್ನೆಗೂ ಮುಕ್ಕಾಲು ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ. ಉಳಿದದ್ದೆಲ್ಲ ಅದರ ಹಿಂದೆ ಬರುವ ಮಾತು.

ಲೆಕ್ಕ ಹಾಕಿ ನೋಡೋಣ. 10 ದಿನಕ್ಕೆ 3,000 ಅಂದರೆ ದಿನಕ್ಕೆ 300. ಮೊಬೈಲಿನ ನಕ್ಷೆ ಇದಕ್ಕೆ ಐದು ಗಂಟೆ ಎಂದು ತೋರಿಸಬಹುದು. ಆದರೆ ಆ ಲೆಕ್ಕ ಕಾರಿನದು. ಮೂರೂವರೆ ಟನ್ ತೂಕದ, ಆಳೆತ್ತರಕ್ಕಿಂತ ಎಷ್ಟೋ ಎತ್ತರದ ಗಾಡಿಯಲ್ಲಿ ಬೆಟ್ಟದ ತಿರುವುಗಳನ್ನು ದಾಟುವಾಗ ಗಂಟೆಗೆ ಸರಾಸರಿ 35 ಕಿಲೋಮೀಟರ್ ಸಾಗಿದರೆ ಒಳ್ಳೆಯ ಪ್ರಗತಿ. ಹಾಗೆ ನೋಡಿದರೆ ಪೂರ್ತಿ ಬೆಟ್ಟದಲ್ಲೇ ಸಾಗುವ ದಿನ 300 ಕಿಲೋಮೀಟರಿಗೆ ಎಂಟೂವರೆ ಗಂಟೆ ಸ್ಟೇರಿಂಗ್ ಹಿಡಿದಿರಬೇಕು. ಮಕ್ಕಳ ಮೂತ್ರ, ಊಟ, ಡೀಸೆಲ್, ದಾರಿ ತಪ್ಪಿದ್ದು ಎಲ್ಲ ಸೇರಿದರೆ ಬೆಳಿಗ್ಗೆ ಏಳಕ್ಕೆ ಹೊರಟವರು ಕತ್ತಲಾದ ಮೇಲೆ, ಗೊತ್ತಿಲ್ಲದ ಜಾಗದಲ್ಲಿ, ದಣಿದ ಕಣ್ಣಿನಲ್ಲಿ ಗಾಡಿ ರಿವರ್ಸ್ ತೆಗೆಯುತ್ತಿರುತ್ತೀರಿ. ಇದು ಒಂದು ದಿನದ ಕಥೆ. ನಿಮ್ಮ ದಾರಿ ಅರ್ಧಕ್ಕರ್ಧ ಬೆಟ್ಟದ್ದು, ಹತ್ತರಲ್ಲಿ ಐದು ದಿನವಾದರೂ ಹೀಗೇ.

ಖರ್ಚಿನ ಕಡೆಯಿಂದ ನೋಡಿದರೂ ಅಷ್ಟೇ. ಲೀಟರಿಗೆ 10 ಕಿಲೋಮೀಟರ್ ಕೊಡುವ ಮೋಟರ್‌ಹೋಮ್ ಎಂದಿಟ್ಟುಕೊಳ್ಳಿ. 3,000ಕ್ಕೆ 300 ಲೀಟರ್ ಬೇಕು, 1,200ಕ್ಕೆ 120 ಸಾಕು. ಉಳಿದ 180 ಲೀಟರಿನ ದುಡ್ಡಿನಲ್ಲಿ ನೀವು ರಾತ್ರಿ ಓಡಿಸಿ ಉಳಿಸಬೇಕೆಂದಿದ್ದ ತಂಗುವ ಶುಲ್ಕ ಕಟ್ಟಿ, ಮೇಲೆ ಇನ್ನೂ ಮಿಗುತ್ತದೆ. ಬಾಡಿಗೆ ಕರಾರಿನಲ್ಲಿ ದಿನಕ್ಕೆ ಇಷ್ಟೇ ಕಿಲೋಮೀಟರ್ ಎಂಬ ಮಿತಿ ಇದ್ದರೆ ಅದರ ಮೇಲಿನ ದಂಡವೂ ತಪ್ಪುತ್ತದೆ. ವೇಗ ಕಡಿಮೆ ಮಾಡಿದ ಲಾಭ ಬೇರೆ. ಕ್ಯಾರವಾನಿನ ಮುಖ ಗೋಡೆಯ ಹಾಗೆ ಚಪ್ಪಟೆ. ಗಾಳಿಯ ತಡೆ ವೇಗದ ವರ್ಗದಂತೆ, ಅಂದರೆ ವೇಗವನ್ನು ವೇಗದಿಂದಲೇ ಗುಣಿಸಿದ ಲೆಕ್ಕದಲ್ಲಿ, ಏರುತ್ತದೆ, ಹಾಗಾಗಿ 80ರಿಂದ 100ಕ್ಕೆ ಹೋದಾಗ ಆ ತಡೆ ಒಂದೂವರೆ ಪಟ್ಟು ದಾಟುತ್ತದೆ. ಹೆದ್ದಾರಿಯಲ್ಲಿ 80ರ ಆಸುಪಾಸಿನಲ್ಲೇ ಇರಿ, ಡೀಸೆಲ್ ಮುಳ್ಳು ಇಳಿಯುವ ರೀತಿಯೇ ಬೇರೆ.

ಈಗ ಬೆಟ್ಟ ಇಳಿಯುವ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ 12 ವರ್ಷದ ಕಾರಿನ ಅಭ್ಯಾಸ ಇಲ್ಲಿ ನಿಮ್ಮ ಕೈಹಿಡಿಯುವುದಿಲ್ಲ.

3,500 ಕೆಜಿ ತೂಕದ ಗಾಡಿ 1,000 ಮೀಟರ್ ಎತ್ತರದಿಂದ ಕೆಳಗಿಳಿಯುತ್ತದೆ ಅನ್ನಿ. ಆ ಎತ್ತರದಲ್ಲಿ ಕೂಡಿಟ್ಟುಕೊಂಡಿದ್ದ ಶಕ್ತಿಯೆಲ್ಲ ಇಳಿಯುವಷ್ಟರಲ್ಲಿ ಎಲ್ಲಾದರೂ ಖರ್ಚಾಗಲೇಬೇಕು. ಎಷ್ಟು ಶಕ್ತಿ ಗೊತ್ತೇ? ಸುಮಾರು 100 ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸುವಷ್ಟು. ಅದರಲ್ಲಿ ಸ್ವಲ್ಪ ಗಾಳಿಗೆ, ಸ್ವಲ್ಪ ಟೈರಿನ ಉಜ್ಜಾಟಕ್ಕೆ ಹೋಗುತ್ತದೆ. ಉಳಿದದ್ದನ್ನು ತಡೆಯಬೇಕಾದದ್ದು ಎರಡೇ: ಎಂಜಿನ್ ಅಥವಾ ಬ್ರೇಕು. ಗಾಡಿಯನ್ನು ಮೇಲಿನ ಗೇರಿನಲ್ಲಿ ಬಿಟ್ಟು ಕಾಲನ್ನು ಬ್ರೇಕಿನ ಮೇಲೆ ಇಟ್ಟುಕೊಂಡೇ ಇಳಿದರೆ ಆ ಬಿಸಿಯೆಲ್ಲ ಅಂಗೈಯಗಲದ ಪ್ಯಾಡುಗಳಿಗೂ ಅವು ಅಮುಕಿ ಹಿಡಿಯುವ, ಚಕ್ರದ ಜೊತೆ ತಿರುಗುವ ಡಿಸ್ಕುಗಳಿಗೂ ಹೋಗಿ ಕೂರುತ್ತದೆ.

ಆಗ ಎರಡು ತೊಂದರೆ ಆಗುತ್ತವೆ. ಪ್ಯಾಡು ಮಿತಿಮೀರಿ ಕಾದರೆ ಅದರ ಹಿಡಿತ ಸಡಿಲವಾಗುತ್ತದೆ. ಪೆಡಲ್ ಗಟ್ಟಿಯಾಗೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಎರಡನೆಯದು ಇನ್ನೂ ಕೆಟ್ಟದ್ದು. ಬ್ರೇಕ್ ಆಯಿಲ್ ಎಂದು ನಾವು ಕರೆಯುವ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತಾ ಹೋಗುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿ ಹಳತಾದದ್ದಕ್ಕೆ ಆ ಮಿತಿ 155ಕ್ಕೆ ಇಳಿಯುತ್ತದೆ. ದ್ರವ ಕುದಿಯಿತೆಂದರೆ ಪೈಪಿನಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ದ್ರವವನ್ನು ಒತ್ತಿದರೆ ಒತ್ತಡ ಮುಂದಕ್ಕೆ ಹೋಗುತ್ತದೆ, ಆವಿಯನ್ನು ಒತ್ತಿದರೆ ಅದು ಕುಗ್ಗಿ ಸುಮ್ಮನಾಗುತ್ತದೆ. ಕಾಲಡಿಯಲ್ಲಿ ಪೆಡಲ್ ಮೆತ್ತಗೆ ನೆಲಕ್ಕೆ ಹೋಗಿ ಮುಟ್ಟುತ್ತದೆ.

ಆ ಮೆತ್ತಗಾಗುವಿಕೆ ನನ್ನ ಕಾಲಿಗೆ ಗೊತ್ತು. ಮೋಟರ್‌ಹೋಮ್ ಓಡಿಸಲು ಶುರುಮಾಡಿದ ಎರಡನೇ ವರ್ಷ. ಉದ್ದನೆಯ ಇಳಿಜಾರು, ಹಿಂದೆ ಎರಡು ಕಾರುಗಳು. ಅವರಿಗೆ ತಡವಾಗುತ್ತದಲ್ಲ ಎಂಬ ಸಂಕೋಚದಲ್ಲಿ ನಾಲ್ಕನೇ ಗೇರಿನಲ್ಲೇ ಬ್ರೇಕ್ ಒತ್ತುತ್ತಾ ಇಳಿದೆ. ಪಕ್ಕದಲ್ಲಿದ್ದ ಹೆಂಡತಿ, “ಏನೋ ಸುಟ್ಟ ವಾಸನೆ, ಒಲೆ ಆರಿಸಿದ್ದೀವಾ?” ಅಂದಳು. ಒಲೆಯಲ್ಲ, ಕಾದ ಪ್ಯಾಡಿನ ವಾಸನೆ: ಸುಟ್ಟ ರಬ್ಬರಿಗೆ ಕಬ್ಬಿಣದ ಘಾಟು ಬೆರೆತಂಥದ್ದು. ಮುಂದಿನ ತಿರುವಿನಲ್ಲಿ ಪೆಡಲ್ ಎಂದಿಗಿಂತ ಎರಡು ಬೆರಳು ಕೆಳಗೆ ಹೋಯಿತು. ಮೂರಕ್ಕೆ, ಆಮೇಲೆ ಎರಡಕ್ಕೆ ಗೇರ್ ಇಳಿಸಿ, ರಸ್ತೆ ಅಗಲವಾದ ಕಡೆ ಬಲಕ್ಕೆ ಬೆಟ್ಟದ ಮಗ್ಗುಲಿಗೆ ನಿಲ್ಲಿಸಿದೆ. ಇಳಿದು ಮುಂದಿನ ಚಕ್ರದ ಹತ್ತಿರ ಅಂಗೈ ಹಿಡಿದರೆ ಒಂದು ಗೇಣು ದೂರದಿಂದಲೇ ಒಲೆಯ ಮುಂದೆ ನಿಂತ ಹಾಗೆ ಬಿಸಿ. ನಲವತ್ತು ನಿಮಿಷ ಅಲ್ಲೇ ಕೂತೆವು. ಹಿಂದಿದ್ದ ಆ ಎರಡು ಕಾರುಗಳವರು ತಮ್ಮ ಪಾಡಿಗೆ ಹೋದರು. ಅವರಿಗಾಗಿ ನಾನು ಅಷ್ಟು ಅವಸರ ಮಾಡಿದ್ದೆ.

ಹಾಗಾಗಿ ಹಳೆಯ ಡ್ರೈವರುಗಳು ಹೇಳುವ ಮಾತನ್ನೇ ನಿಮಗೂ ಹೇಳುತ್ತೇನೆ: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಈಗಿನ ಎಂಜಿನ್‌ಗಳು ಮೇಲಿನ ಗೇರಿನಲ್ಲೇ ಸಲೀಸಾಗಿ ಹತ್ತುತ್ತವೆ, ಅದಕ್ಕೆ ನಾನು ಇನ್ನೊಂದು ಗೇರ್ ಕೆಳಗೇ ಎನ್ನುತ್ತೇನೆ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿಕೊಳ್ಳಿ, ವೇಗ ಏರಿದ ಮೇಲೆ ಇಳಿಸಲು ಒದ್ದಾಡಬೇಡಿ. ಗಾಡಿ ಆಟೊಮ್ಯಾಟಿಕ್ ಆಗಿದ್ದರೆ ‘ಡಿ’ಯಲ್ಲಿ ಬಿಡದೆ ಮ್ಯಾನ್ಯುವಲ್‌ಗೆ ಅಥವಾ ಕೆಳಗಿನ ಗೇರಿಗೆ ಹಾಕಿ. ಎಂಜಿನ್ ಕೂಗುವುದನ್ನು ಕೇಳಿ ಗಾಬರಿಯಾಗಬೇಡಿ, ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟದಿದ್ದರೆ ಆ ಸದ್ದು ನಿಮ್ಮ ಪರವಾಗಿ ದುಡಿಯುತ್ತಿರುವ ಸದ್ದು. ಬ್ರೇಕನ್ನು ಸವರಿಕೊಂಡೇ ಇರುವ ಬದಲು ಗಟ್ಟಿಯಾಗಿ ಒತ್ತಿ, ವೇಗ ಬೇಕಾದಷ್ಟು ಇಳಿಸಿ, ಪೂರ್ತಿ ಬಿಡಿ. ಬಿಟ್ಟಾಗ ಗಾಳಿ ಆಡಿ ಡಿಸ್ಕ್ ಸ್ವಲ್ಪವಾದರೂ ತಣಿಯುತ್ತದೆ. ನ್ಯೂಟ್ರಲ್‌ನಲ್ಲಿ ಇಳಿದರೆ ಡೀಸೆಲ್ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಈಗಿನ ಎಂಜಿನ್‌ಗಳು ಗೇರಿನಲ್ಲಿ ಇಳಿಯುವಾಗ ಇಂಧನವನ್ನೇ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಿ ಮಾತ್ರ ಅದು ಸುರಿಯುತ್ತಲೇ ಇರುತ್ತದೆ. ವಾಸನೆ ಬಂದರೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ, ಕಾದ ಡಿಸ್ಕಿಗೆ ನೀರು ಎರಚಬೇಡಿ, ಅದು ಸೀಳಬಹುದು.

ಬ್ಯಾಟರಿ ಗಾಡಿ ಹಿಡಿಯುವವರಿಗೆ ಒಂದು ಮಾತು. ಅಂಥ ಗಾಡಿ ಇಳಿಯುವಾಗ ಮೋಟರೇ ಅದನ್ನು ತಡೆದು, ಆ ಶಕ್ತಿಯನ್ನು ಬ್ಯಾಟರಿಗೆ ತುಂಬುತ್ತದೆ. ಬೆಟ್ಟದ ತುದಿಯಲ್ಲಿ ರಾತ್ರಿ ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿಸಿಕೊಂಡು ಬೆಳಿಗ್ಗೆ ಇಳಿಯಬೇಡಿ. ತುಂಬಿದ ಬ್ಯಾಟರಿ ಇಳಿಜಾರಿನ ಶಕ್ತಿಯನ್ನು ವಾಪಸ್ ತೆಗೆದುಕೊಳ್ಳಲಾರದು, ಆಗ ಹೊರೆಯೆಲ್ಲ ಮಾಮೂಲು ಬ್ರೇಕಿನ ಮೇಲೇ ಬೀಳುತ್ತದೆ.

ಅಮೆರಿಕದ ಕೊಲರಾಡೊದಲ್ಲಿ ಪೈಕ್ಸ್ ಪೀಕ್ ಎಂಬ ಶಿಖರಕ್ಕೆ ರಸ್ತೆ ಇದೆ, 4,300 ಮೀಟರ್ ಎತ್ತರಕ್ಕೆ ಹತ್ತುತ್ತದೆ. ಅಲ್ಲಿಂದ ಇಳಿಯುವಾಗ ನಡುದಾರಿಯಲ್ಲಿ ಸಿಬ್ಬಂದಿ ನಿಂತು ಬರುವ ಗಾಡಿಗಳ ಬ್ರೇಕಿನ ಬಿಸಿ ಅಳೆಯುತ್ತಾರೆ. ಕಾದಿದ್ದರೆ ಪಕ್ಕಕ್ಕೆ ಹಾಕಿಸಿ, ತಣಿದ ಮೇಲೇ ಬಿಡುತ್ತಾರೆ. ನಿಮ್ಮ ದಾರಿಯಲ್ಲಿ ಅಂಥವರು ಯಾರೂ ಇರುವುದಿಲ್ಲ. ಪ್ರತಿ ಹತ್ತು ಹದಿನೈದು ನಿಮಿಷದ ಇಳಿಜಾರಿಗೆ ಒಮ್ಮೆ ನೀವೇ ನಿಲ್ಲಿಸಿ, ಮಕ್ಕಳಿಗೆ ಕಣಿವೆ ತೋರಿಸಿ. ಒಳ್ಳೆಯ ನೋಟ ಸಿಗುವ ಜಾಗದಲ್ಲೇ ಬ್ರೇಕೂ ತಣಿಯಲಿ.

ಎಳೆಯುವ ಕ್ಯಾರವಾನೋ ಮೋಟರ್‌ಹೋಮೋ ಎಂದು ಕೇಳಿದ್ದೀರಿ. ಮೊದಲ ಸಲ, ಬೆಟ್ಟದ ದಾರಿ, ಜೊತೆಗೆ ಮಕ್ಕಳು. ಆರು ಮೀಟರ್ ಮೀರದ ಚಿಕ್ಕ ಮೋಟರ್‌ಹೋಮ್ ಹಿಡಿಯಿರಿ. ಎಳೆಯುವ ಕ್ಯಾರವಾನಿಗೆ ಬಾಡಿಗೆ ಕಡಿಮೆ, ಒಂದು ಕಡೆ ಬಿಟ್ಟು ಕಾರಿನಲ್ಲಿ ಸುತ್ತಾಡಬಹುದು, ಆ ಅನುಕೂಲ ನಿಜ. ಆದರೆ ಅದಕ್ಕೆ ಬೇರೆಯೇ ಕೈಚಳಕ ಬೇಕು. ರಿವರ್ಸ್‌ನಲ್ಲಿ ಅದು ಸ್ಟೇರಿಂಗ್ ತಿರುಗಿಸಿದ್ದಕ್ಕೆ ಉಲ್ಟಾ ಹೋಗುತ್ತದೆ. ಸಾಮಾನನ್ನು ಹಿಂದುಗಡೆ ತುಂಬಿದರೆ ವೇಗದಲ್ಲಿ ಹಾವಿನ ಹಾಗೆ ಅತ್ತಿತ್ತ ಹೊರಳಾಡತೊಡಗುತ್ತದೆ, ಕಾರನ್ನೂ ಎಳೆದಾಡುತ್ತದೆ. ಮುಂದೊಂದು ದಿನ ಎಳೆಯುವುದಾದರೆ ಮೂರು ಮಾತು ನೆನಪಿರಲಿ. ಭಾರವಾದ ಸಾಮಾನು ಚಕ್ರದ ಅಚ್ಚಿನ ಮೇಲೆ, ನೆಲಕ್ಕೆ ಹತ್ತಿರ ಇರಬೇಕು. ಹೊಸಬರಿಗೆ ಕ್ಯಾರವಾನಿನ ಒಟ್ಟು ತೂಕ ಕಾರಿನ ತೂಕದ ನೂರಕ್ಕೆ 85 ಮೀರಬಾರದು ಎಂದು ಬ್ರಿಟನ್ನಿನಲ್ಲಿ ಹೇಳುವ ಲೆಕ್ಕ ಎಲ್ಲಿಗಾದರೂ ಹೊಂದುತ್ತದೆ. ಹೊರಳಾಟ ಶುರುವಾದರೆ ಬ್ರೇಕ್ ಜಾಡಿಸಿ ಒತ್ತಬೇಡಿ, ಸ್ಟೇರಿಂಗ್ ಎದುರು ತಿರುಗಿಸಲು ಹೋಗಬೇಡಿ, ನೇರ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ.

ಮೋಟರ್‌ಹೋಮ್ ಆದರೂ ತೂಕದ ಲೆಕ್ಕ ತಪ್ಪಿದ್ದಲ್ಲ. ಯುರೋಪಿನಲ್ಲಿ ಸಾಮಾನ್ಯ ಕಾರಿನ ಲೈಸೆನ್ಸಿಗೆ 3,500 ಕೆಜಿಯ ಮಿತಿ ಇದ್ದುದರಿಂದ ಬಹಳಷ್ಟು ಗಾಡಿಗಳನ್ನು ಅದೇ ತೂಕಕ್ಕೆ ಹೊಂದಿಸಿ ಮಾಡಿದ್ದಾರೆ. ಖಾಲಿ ಗಾಡಿ 3,000 ತೂಗಿದರೆ ನಿಮಗೆ ಉಳಿದದ್ದು 500. ನೀವು ನಾಲ್ವರು ಸೇರಿ 190, ನೀರಿನ ಟ್ಯಾಂಕ್ ತುಂಬಿಸಿದರೆ 100, ಮಿಕ್ಕ 210ರಲ್ಲಿ ಗ್ಯಾಸ್ ಸಿಲಿಂಡರ್, ಮಡಚುವ ಕುರ್ಚಿ ಮೇಜು, ಸೈಕಲ್ಲುಗಳು, ಬಟ್ಟೆ, ದಿನಸಿ, ಪಾತ್ರೆ. ಬೇಗ ತುಂಬಿಬಿಡುತ್ತದೆ. ಟ್ಯಾಂಕಿನಲ್ಲಿ ದಾರಿಗೆ ಬೇಕಾದಷ್ಟೇ ನೀರು ಇಟ್ಟುಕೊಂಡು, ತಂಗುವ ಜಾಗಕ್ಕೆ ಹೋಗಿ ತುಂಬಿಸಿ. ಬಳಸಿದ ನೀರಿನ ಟ್ಯಾಂಕನ್ನು ಹೊರಡುವ ಮುಂಚೆ ಅದಕ್ಕೆಂದೇ ಇರುವ ಜಾಗದಲ್ಲಿ ಖಾಲಿ ಮಾಡಿ. ಎಲ್ಲ ತುಂಬಿದ ಮೇಲೆ ಲಾರಿ ತೂಗುವ ಕಾಟಾದಲ್ಲಿ ಒಮ್ಮೆ ನಿಲ್ಲಿಸಿ ನೋಡಿ, ಐದು ನಿಮಿಷದ ಕೆಲಸ.

ಟೈರನ್ನು ಬಗ್ಗಿ ನೋಡಿ. ಬಾಡಿಗೆ ಗಾಡಿಗಳು ತಿಂಗಳುಗಟ್ಟಲೆ ನಿಂತಿರುತ್ತವೆ. ಟೈರಿನ ಹಲ್ಲು ಹೊಸದರಂತೆ ಕಂಡರೂ ರಬ್ಬರ್ ಮುದಿಯಾಗಿರುತ್ತದೆ. ಟೈರಿನ ಪಕ್ಕದ ಗೋಡೆಯಲ್ಲಿ ‘ಡಾಟ್’ (DOT) ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಪಕ್ಕದಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದರೆ ಆ ಗಾಡಿ ಬೇಡ ಎನ್ನಿ. ಗಾಳಿಯನ್ನು ಬೆಳಿಗ್ಗೆ ತಣ್ಣಗಿರುವಾಗ ನೋಡಬೇಕು, ಬಾಗಿಲಿನ ಹತ್ತಿರ ಅಂಟಿಸಿದ ಚೀಟಿಯಲ್ಲಿ ತುಂಬಿದ ಗಾಡಿಗೆ ಎಷ್ಟೆಂದು ಬರೆದಿದೆಯೋ ಅಷ್ಟು ಹಿಡಿಸಬೇಕು. ಗಾಳಿ ಕಡಿಮೆಯಿದ್ದ ಟೈರಿನ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಕಾಯುತ್ತದೆ. ಬಿರುಬಿಸಿಲಿನ ಹೆದ್ದಾರಿಯಲ್ಲಿ ಟೈರು ಸಿಡಿಯುವುದು ಬಹುತೇಕ ಹೀಗೆ.

ರಾತ್ರಿ ಓಡಿಸುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. 1997ರಲ್ಲಿ ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ 0.05 ಶೇಕಡಾ ಮದ್ಯ ಇದ್ದವರ ಮಟ್ಟಕ್ಕೆ ಇಳಿದಿತ್ತು. ಬೆಳಿಗ್ಗೆ ಆರಕ್ಕೆ ಎದ್ದು ದಿನವೆಲ್ಲ ಮಕ್ಕಳನ್ನು ಸುತ್ತಾಡಿಸಿದವರಿಗೆ ರಾತ್ರಿ ಹನ್ನೊಂದಕ್ಕೇ 17 ಗಂಟೆ. ಅದರ ಮೇಲೆ ನಡುರಾತ್ರಿಯಿಂದ ಬೆಳಗಿನ ಆರರವರೆಗೆ ಮೈ ತಾನಾಗಿ ನಿದ್ದೆ ಕೇಳುವ ಹೊತ್ತು. 80ರ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ನಾಲ್ಕು ಸೆಕೆಂಡ್ ಜೋಂಪು ಹತ್ತಿದರೆ 88 ಮೀಟರ್ ಗಾಡಿಯನ್ನು ಯಾರೂ ಓಡಿಸುತ್ತಿಲ್ಲ ಎಂದರ್ಥ. ಕಿಟಕಿ ತೆಗೆಯುವುದು, ಹಾಡು ಜೋರು ಮಾಡುವುದು, ಮುಖಕ್ಕೆ ನೀರು ಹಾಕುವುದು ಯಾವುದೂ ನಿದ್ದೆಯನ್ನು ತೀರಿಸುವುದಿಲ್ಲ. ಹಗಲಲ್ಲೇ ಕಣ್ಣೆಳೆದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಒಂದು ಲೋಟ ಕಾಫಿ ಕುಡಿದು, ಕೂಡಲೇ 20 ನಿಮಿಷ ಮಲಗಿ. ಏಳುವ ಹೊತ್ತಿಗೆ ಕಾಫಿಯೂ ಕೆಲಸ ಶುರುಮಾಡಿರುತ್ತದೆ. ಹಿಂದೆ ಮಂಚ ಇರುವ ಗಾಡಿಯ ದೊಡ್ಡ ಭಾಗ್ಯವೇ ಇದು. ಯುರೋಪಿನಲ್ಲಿ ಕಸುಬಿನ ಲಾರಿ ಚಾಲಕರಿಗೇ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷದ ವಿರಾಮ ಕಡ್ಡಾಯ. ನೀವು ಎರಡು ಗಂಟೆಗೊಮ್ಮೆ ನಿಲ್ಲಿಸಿ, ದಿನಕ್ಕೆ ನಾಲ್ಕು ಗಂಟೆ ಮೀರಬೇಡಿ, ಸಂಜೆ ನಾಲ್ಕರೊಳಗೆ ತಂಗುವ ಜಾಗ ಸೇರಿ.

ದಾರಿ ಆರಿಸುವಾಗ ಚೆಲುವನ್ನಷ್ಟೇ ನೋಡಬೇಡಿ, ನಿಮ್ಮ ಗಾಡಿಗೆ ಅಲ್ಲಿ ಜಾಗವಿದೆಯೇ ಎಂದೂ ನೋಡಿ. ಇಟಲಿಯ ಸ್ಟೆಲ್ವಿಯೊ ಕಣಿವೆದಾರಿ 2,757 ಮೀಟರ್ ಎತ್ತರದ್ದು, ಒಂದೇ ಮಗ್ಗುಲಿನಲ್ಲಿ 48 ಹೇರ್‌ಪಿನ್ ತಿರುವುಗಳು. ಮೋಟರ್‌ಸೈಕಲ್ಲಿನವರಿಗೆ ಅದು ಸ್ವರ್ಗ, ಏಳು ಮೀಟರಿನ ಗಾಡಿಗೆ ಪ್ರತಿ ತಿರುವಿನಲ್ಲೂ ಎದುರಿನವರನ್ನು ನಿಲ್ಲಿಸುವ ಫಜೀತಿ. ಅಮೆರಿಕದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ 1933ರಲ್ಲಿ ಉದ್ಘಾಟನೆಯಾದ ಗೋಯಿಂಗ್ ಟು ದ ಸನ್ ರೋಡಿನ ಬೆಟ್ಟದ ಭಾಗಕ್ಕೆ 6.4 ಮೀಟರಿಗಿಂತ ಉದ್ದದ ಗಾಡಿಯನ್ನು ಬಿಡುವುದೇ ಇಲ್ಲ. ಇಂಥ ಕಡೆ ಗಾಡಿಯನ್ನು ತಪ್ಪಲಿನಲ್ಲಿ ಬಿಟ್ಟು ಬಸ್ಸಿನಲ್ಲಿ ಹೋಗಿ ಬನ್ನಿ. ಡ್ರೈವರ್ ಕೂಡ ಕಿಟಕಿಯಾಚೆ ನೋಡಬಹುದಾದ ಒಂದೇ ದಿನ ಅದು. ಇನ್ನು ಆಸ್ಟ್ರೇಲಿಯಾದ ಗ್ರೇಟ್ ಓಷನ್ ರೋಡ್ ನೋಡಿ. ಮೊದಲ ಮಹಾಯುದ್ಧದಿಂದ ವಾಪಸಾದ ಸೈನಿಕರು 1919ರಿಂದ 1932ರವರೆಗೆ ಕಡಿದ ಸಮುದ್ರದಂಚಿನ ರಸ್ತೆ, ಉದ್ದ 243 ಕಿಲೋಮೀಟರ್. ಒಂದೇ ದಿನದಲ್ಲಿ ಮುಗಿಸುವವರು ಬೇಕಾದಷ್ಟು ಮಂದಿ. ನನ್ನನ್ನು ಕೇಳಿದರೆ ಅದಕ್ಕೆ ಮೂರು ದಿನ ಕೊಡಬೇಕು. ನಿಮ್ಮ 1,200 ಕಿಲೋಮೀಟರನ್ನೂ ಹಾಗೇ ಹಂಚಿ: ಎರಡು ದಿನ ಸಾಗಿ, ಒಂದು ಕಡೆ ಮೂರು ರಾತ್ರಿ ಬೀಡುಬಿಡಿ. ಹಲವು ಕಡೆ ಮೂರು ರಾತ್ರಿಗೆ ಒಟ್ಟಿಗೆ ಹಿಡಿದರೆ ದರವೂ ಇಳಿಯುತ್ತದೆ.

ಬಾಡಿಗೆಯಲ್ಲಿ ಉಳಿಸುವ ದಾರಿ ಮುಖ್ಯವಾಗಿ ಹೊತ್ತು ಆರಿಸಿಕೊಳ್ಳುವುದು, ಶಾಲೆಯ ರಜೆಯ ನಡುವಿನ ವಾರಗಳಿಗಿಂತ ಅಂಚಿನ ವಾರಗಳು ಅಗ್ಗ. ಇನ್ನೊಂದಿದೆ: ಬಾಡಿಗೆ ಕಂಪನಿಗಳು ಒಂದು ಊರಿನಲ್ಲಿ ಉಳಿದ ಗಾಡಿಯನ್ನು ಇನ್ನೊಂದು ಊರಿಗೆ ಸಾಗಿಸಲು ನಾಮಮಾತ್ರ ಬಾಡಿಗೆಗೆ ಕೊಡುವುದುಂಟು. ಆದರೆ ಅದಕ್ಕೆ ದಿನ ಕಡಿಮೆ, ದೂರ ಹೆಚ್ಚು. ಮಕ್ಕಳಿರುವ ನಿಮಗೆ ಅದು ಬೇಡ. ಉಳಿಸಲು ಹೋಗಬಾರದ ಜಾಗ ವಿಮೆ. ಕರಾರಿನಲ್ಲಿ ಗಾಡಿಯ ಚಾವಣಿಗೂ ತಳಕ್ಕೂ ಆದ ಪೆಟ್ಟನ್ನು ವಿಮೆಯಿಂದ ಹೊರಗಿಟ್ಟಿರುವುದು ಸಾಮಾನ್ಯ, ಹೊಸಬರು ಹೆಚ್ಚಾಗಿ ಪೆಟ್ಟು ಮಾಡುವುದೂ ಅಲ್ಲೇ. ಗಾಡಿಯ ಎತ್ತರವನ್ನು ದೊಡ್ಡ ಅಕ್ಷರದಲ್ಲಿ ಬರೆದು ಸ್ಟೇರಿಂಗ್ ಪಕ್ಕ ಅಂಟಿಸಿಕೊಳ್ಳಿ. ಕೆಳಸೇತುವೆ, ಪೆಟ್ರೋಲ್ ಬಂಕಿನ ಚಾವಣಿ, ರಸ್ತೆಗೆ ಬಾಗಿದ ಮರದ ಕೊಂಬೆ ಕಂಡಾಗ ನೆನಪನ್ನು ನಂಬಬೇಡಿ, ಚೀಟಿ ನೋಡಿ. ರಿವರ್ಸ್ ತೆಗೆಯುವಾಗ ನಿಮ್ಮ ಹೆಂಡತಿ ಇಳಿದು ಹಿಂದೆ ನಿಲ್ಲಲಿ, ಕನ್ನಡಿಯಲ್ಲಿ ಅವರು ಕಾಣದ ಕ್ಷಣ ಗಾಡಿ ನಿಲ್ಲಬೇಕು.

ಗಾಡಿ ಚಲಿಸುವಾಗ ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿರಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ದು ನೆಲದಲ್ಲೇ ನಿಲ್ಲುತ್ತದೆ. ಅದಕ್ಕೇ ಗಾಡಿಯ ನೆಲದಲ್ಲಿ ಗಾಳಿಕಿಂಡಿಗಳಿರುತ್ತವೆ, ಚಳಿಯೆಂದು ಅವನ್ನು ಬಟ್ಟೆ ತುರುಕಿ ಮುಚ್ಚಬೇಡಿ. ಅಡುಗೆ ಒಲೆ ಹಚ್ಚಿ ಗಾಡಿ ಬೆಚ್ಚಗೆ ಮಾಡುವುದು ಅಪಾಯ. ಕಾರ್ಬನ್ ಮೋನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರನ್ನು ಅದು ಎಬ್ಬಿಸುವುದಿಲ್ಲ. ಅದನ್ನು ಪತ್ತೆಹಚ್ಚುವ ಅಲಾರಂ ಇದೆಯೇ, ಗುಂಡಿ ಒತ್ತಿದರೆ ಕೂಗುತ್ತದೆಯೇ ಎಂದು ಗಾಡಿ ತೆಗೆದುಕೊಳ್ಳುವಾಗಲೇ ನೋಡಿ.

ಕೊನೆಯದಾಗಿ ಮಕ್ಕಳ ಮಂಚ. ಚಲಿಸುವ ಗಾಡಿಯಲ್ಲಿ ಯಾರೂ ಮಂಚದ ಮೇಲೆ ಮಲಗಬಾರದು, ಐದೇ ಕಿಲೋಮೀಟರ್ ದೂರವಿದ್ದರೂ ಸರಿ. ಬ್ರೇಕ್ ಒತ್ತಿದಾಗ ಗಾಡಿ ನಿಂತರೂ ಮಗು ಅದೇ ವೇಗದಲ್ಲಿ ಮುಂದೆ ಹೋಗುತ್ತದೆ, ಎದುರಿಗೆ ಮೇಜು, ಒಲೆ, ಗಾಜು ಇರುತ್ತವೆ. ಬಾಡಿಗೆಗೆ ಕೊಡುವವರು ‘ನಾಲ್ವರಿಗೆ’ ಎಂದಾಗ ಬಹಳ ಸಲ ಅವರು ಎಣಿಸಿರುವುದು ಮಲಗುವ ಜಾಗವನ್ನು. ಬೆಲ್ಟ್ ಇರುವ ಸೀಟು ಎಷ್ಟು ಎಂದು ಪ್ರತ್ಯೇಕವಾಗಿ ಕೇಳಿ. ಆ ಸೀಟುಗಳು ಮುಂದಕ್ಕೆ ಮುಖ ಮಾಡಿವೆಯೇ, ನಿಮ್ಮ 6 ವರ್ಷದ ಮಗುವಿನ ಬೂಸ್ಟರ್ ಸೀಟು (ಬೆಲ್ಟ್ ಸರಿಯಾಗಿ ಕೂರುವಂತೆ ಮಗುವನ್ನು ಎತ್ತರಿಸುವ ಸೀಟು) ಅಲ್ಲಿ ಕೂರುತ್ತದೆಯೇ ಎಂದು ಮುಂಗಡ ಕೊಡುವ ಮೊದಲೇ ಹೋಗಿ, ಮಕ್ಕಳನ್ನು ಕೂರಿಸಿ, ಬೆಲ್ಟ್ ಹಾಕಿ ನೋಡಿ.